ಎದುರು ಪಕ್ಷದ ಥೆಕ್ಲಾ

ಹುಟ್ಟಿದಾಗಿನಿಂದ ನಂಬಿದ್ದ ಪಕ್ಷವೇ ಥೆಕ್ಲಾಳನ್ನು ಮೇ ತಿಂಗಳಲ್ಲಿ ಹೊರಗೆ ದಬ್ಬಿತ್ತು. ಅವಳು ಮಾಡಿದ ಮಹಾಪರಾಧವಾದರೂ ಏನು? ಹಾರ್ಲಿನ್ ಊರಿನ ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತಿಕೆ ಮಾಡಿದವಳು ಈ ಸಲ ನ್ಯಾಯಾಧೀಶರ ಚುನಾವಣೆಗೆ ನಿಲ್ಲುತ್ತೇನೆ ಎಂದಳು. ಅಲ್ಲಿ ಊರ ಕೋರ್ಟಿನ ನ್ಯಾಯಾಧೀಶರನ್ನು ಜನರೇ ಓಟು ಹಾಕಿ ಆರಿಸುತ್ತಾರೆ, ವಕೀಲರೇ ಆಗಿರಬೇಕೆಂದಿಲ್ಲ. ಪಕ್ಷದ ಅಧ್ಯಕ್ಷ ಲಿಯೋ ಹುಡಾಕ್ ಹಲ್ಲು ಕಿರಿದು, "ನಮ್ಮ ಹುಡುಗ್ರ ಕೇಸು ಬಂದ್ರೆ ಸ್ವಲ್ಪ ನೋಡ್ಕೋತೀಯ ತಾನೇ?" ಎಂದ.

"ನೋಡ್ತೀನಲ್ಲ, ಕಾನೂನು ಪುಸ್ತಕ ಬಿಚ್ಕೊಂಡು ನೋಡ್ತೀನಿ."

ಅಷ್ಟಕ್ಕೇ ಅವಳ ಎದುರಿಗೆ ಗೆರಾರ್ಡ್ ಎಂಬವನನ್ನು ಲಿಯೋ ನಿಲ್ಲಿಸಿದ. ಅಭ್ಯರ್ಥಿ ಯಾರೆಂದು ಆರಿಸುವ ಪಕ್ಷದ ಒಳಚುನಾವಣೆಯಲ್ಲಿ ಥೆಕ್ಲಾ ನಲವತ್ತೊಂದು ಓಟಿನಿಂದ ಸೋತಳು. ಆದರೆ ಪೆನ್ಸಿಲ್ವೇನಿಯಾದಲ್ಲಿ ಈ ಕುರ್ಚಿಗೆ ನಿಲ್ಲುವವರು ಎರಡೂ ಪಕ್ಷಗಳ ಒಳಚುನಾವಣೆಗೆ ಹೆಸರು ಕೊಡಬಹುದು, ಅವಳೂ ಕೊಟ್ಟಿದ್ದಳು. ಎದುರು ಪಕ್ಷದವರು ತಮ್ಮ ಒಳಚುನಾವಣೆಯಲ್ಲಿ ಅವಳನ್ನು ಗೆಲ್ಲಿಸಿಯೇಬಿಟ್ಟರು! ನವೆಂಬರಿನ ಚುನಾವಣೆಗೆ ಈಗ ಅವಳೇ ಅವರ ಅಭ್ಯರ್ಥಿ.

ಲಿಯೋ ಮನೆಗೇ ಬಂದ. "ಹೆಸರು ವಾಪಸ್ ತಗೋ. ಗಣಿಯಲ್ಲಿ ಯೂನಿಯನ್ ಕಟ್ಟಿ ನಮ್ ಪಕ್ಷಕ್ಕೇ ದುಡಿದ ನಿಮ್ಮಪ್ಪನ ಆತ್ಮ ಏನಂದ್ಕೊಳ್ಳುತ್ತೆ?"

"ಸತ್ತೋರನ್ನ ಯಾಕೆ ಎಳೀತೀಯ? ಬದುಕಿರೋಳು ನಾನಿದೀನಿ, ನನ್ ಹತ್ರ ಮಾತಾಡು. ತಗೊಳ್ಳಲ್ಲ, ಹೋಗು."

ಅವನು ಹೋದ ಮೇಲೆ, ಎಲೆಕೋಸು ಹೆಚ್ಚುತ್ತಿದ್ದ ಅಮ್ಮ ಪೌಲೀನ್ ತಲೆ ಎತ್ತದೆಯೇ ಹೇಳಿದಳು: "ಆ ಪಕ್ಷದ ಹೆಸರಿನ ಮುಂದೆ ಗುರುತು ಹಾಕೋಕೆ ನನ್ ಕೈ ಬರಲ್ಲ ಕಣೇ."

"ಬರದಿದ್ರೆ ಬಿಡು. ನಾನಂತೂ ನಿಲ್ಲೋಳೇ."

ಬಾಯಲ್ಲೇನೋ ಹಾಗೆಂದಳು. ಊರೆಲ್ಲ ಓಟು ಹಾಕಿದರೂ ಅಮ್ಮ ಹಾಕದಿದ್ದರೆ ಆ ಗೆಲುವು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಬೇಸಿಗೆಯಿಡೀ ಮನೆಮನೆಯ ಬಾಗಿಲು ತಟ್ಟಿದಳು. ಮುಖದ ಮೇಲೆ ಬಾಗಿಲು ಹಾಕಿದವರ ಮನೆಗೆ ಎರಡನೇ ಸಲವೂ ಹೋದಳು.

ನವೆಂಬರಿನ ಮತದಾನದ ದಿನ, ಮತಗಟ್ಟೆಯಾಗಿದ್ದ ಅಗ್ನಿಶಾಮಕ ಠಾಣೆಯ ಬಾಗಿಲಾಚೆ, ಕೊರೆಯುವ ಚಳಿಯಲ್ಲಿ ಥೆಕ್ಲಾ ತನ್ನ ಹೆಸರಿನ ಚೀಟಿ ಹಂಚುತ್ತಿದ್ದಳು. ಎಂಬತ್ತೊಂದರ ಪೌಲೀನ್ ಕೋಲೂರಿಕೊಂಡು ಬಂದಳು. ಲಿಯೋ ಓಡಿಹೋಗಿ ಪ್ರತಿ ವರ್ಷದಂತೆ, ಯಾವ ಕುರ್ಚಿಗೆ ಯಾರಿಗೆ ಓಟು ಹಾಕಬೇಕೆಂಬ ಪಕ್ಷದ ಪಟ್ಟಿಯನ್ನು ಅವಳ ಕೈಗೆ ತುರುಕಿದ. ಮಗಳ ಮುಖ ನೋಡದೆ ಅವಳು ಒಳಗೆ ಹೋದಳು.

ಹೊರಗೆ ಬರುತ್ತಲೇ ಲಿಯೋ ಎಲ್ಲರಿಗೂ ಕೇಳುವಂತೆ, "ಏನ್ ಪೌಲೀನಮ್ಮ, ನಮ್ಮ ಪಟ್ಟಿ ಪ್ರಕಾರ ತಾನೇ?" ಎಂದ.

"ಎಲ್ಲಾ ನಿನ್ ಪಟ್ಟಿ ಪ್ರಕಾರವೇ. ನ್ಯಾಯಾಧೀಶರದ್ದೊಂದು ಖಾಲಿ ಬಿಟ್ಟೆ."

"ಕೇಳಿದ್ರಾ? ಹೆತ್ತ ತಾಯೀನೇ ಇವಳಿಗೆ ಹಾಕಿಲ್ಲ!"

ಥೆಕ್ಲಾಳ ಕಣ್ಣು ತುಂಬಿತು. ಪೌಲೀನ್ ಕೋಲನ್ನು ನೆಲಕ್ಕೆ ಕುಟ್ಟಿದಳು. "ನಿನ್ನೋನಿಗೆ ಹಾಕಿದ್ನೇನೋ, ಮಂಕೇ? ಐವತ್ತೊಂಬತ್ತು ವರ್ಷ ನೀವು ಹೇಳಿದ್ದಕ್ಕೇ ಗುರುತು ಹಾಕಿದ್ದೀನಿ. ಇವತ್ತು ಹಾಕಲಿಲ್ಲ!"

"ಚಳಿ ಅಮ್ಮ, ಮನೆಗೆ ಹೋಗು," ಎಂದಳು ಥೆಕ್ಲಾ.

"ಕೊಡೇ ಇಲ್ಲಿ ಅರ್ಧ ಚೀಟಿ. ನಾನು ಹಾಕಲಿಲ್ಲ ಅಂದ್ರೆ ಹಾಕೋರಿಗೆ ಹೇಳಬಾರ್ದಾ?"

ಪೌಲೀನ್ ಮಗಳ ಪಕ್ಕದಲ್ಲಿ ನಿಂತು, ಬಂದವರ ಕೈಗೆಲ್ಲ ಚೀಟಿ ಹಿಡಿಸತೊಡಗಿದಳು. "ಇವಳು ನನ್ ಮಗಳು. ಆ ಲಿಯೋ ಮಾತೂ ಕೇಳಲ್ಲ, ನನ್ ಮಾತೂ ಕೇಳಲ್ಲ. ಇಂಥೋಳೇ ಕೋರ್ಟಲ್ಲಿ ಕೂರ್ಬೇಕು, ಹಾಕಿ!"