ಕಪ್ಪೆಯ ಎಡಗಾಲು

ಕ್ಯಾಮೆರಾ ಬೇಕು ಎಂದು ನಾನು ಪೂರ್ತಿ ಹೇಳಿ ಮುಗಿಸುವ ಮೊದಲೇ ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, "ಅದನ್ನ ನನಗೆ ಬಿಟ್ಟುಬಿಡಿ" ಎಂದರು. ಹೀಗೆ ಅವರಿಗೆ ಬಿಟ್ಟ ವಿಷಯಗಳು ನಮ್ಮ ಮನೆಯ ತುಂಬ ಇವೆ. ಅವರು ಆರಿಸಿದ ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಗೊಣಗುತ್ತದೆ. ಅವರು ಆರಿಸಿದ ಸೋಫಾ ಬಾಗಿಲಲ್ಲಿ ಹಿಡಿಸದೆ ಒಂದು ತೋಳು ಕಳೆದುಕೊಂಡು ಒಳಗೆ ಬಂತು. ಆದರೆ ಕ್ಯಾಮೆರಾ ಅವರ ಹೊಟ್ಟೆಪಾಡು. ಬೀದಿಯ ಮೂಲೆಯಲ್ಲಿ ಅವರದೊಂದು ಸ್ಟುಡಿಯೋ ಇದೆ, ಮದುವೆಗಳ ವೀಡಿಯೋ ತೆಗೆಯುತ್ತಾರೆ. ಹಾಗಾಗಿ ಈ ಸಲ ಅವರನ್ನು ತಡೆಯಲು ನಮಗೊಂದು ನೆಪವೂ ಇರಲಿಲ್ಲ.

ಬೇಕಾಗಿದ್ದದ್ದು ನೀರಿನೊಳಗೆ ಚಿತ್ರ ಹಿಡಿಯುವ ಒಂದು ಸಣ್ಣ ವೀಡಿಯೋ ಕ್ಯಾಮೆರಾ, ನಮ್ಮ ಕೈಗೆಟುಕುವಂಥದ್ದು. ಬೇಕಾಗಿದ್ದದ್ದು ನನ್ನ ಮಗಳಿಗೆ. ಅವಳನ್ನು ಎಲ್ಲರೂ ಕಪ್ಪೆ ಎಂದೇ ಕರೆಯುತ್ತಾರೆ, ಏಕೆಂದರೆ ಅವಳದು ಕಪ್ಪೆಯ ಹಾಗೆ ಕೈಕಾಲು ಮಡಚಿ ಬಿಚ್ಚುವ ಈಜು. ಅದರಲ್ಲಿ ಒದೆಯುವಾಗ ಎರಡು ಪಾದಗಳೂ ಹೊರಕ್ಕೆ ತಿರುಗಿರಬೇಕು. ಒಂದು ತಿರುಗಿ ಇನ್ನೊಂದು ತಿರುಗದಿದ್ದರೆ, ಕೊಳದ ಅಂಚಿನಲ್ಲಿ ಓಡಾಡುವ ತೀರ್ಪುಗಾರರು ಕೈ ಎತ್ತುತ್ತಾರೆ. ಕೈ ಎತ್ತಿದರೆ ಆಯಿತು, ನೀವು ಎಷ್ಟು ಬೇಗ ಗೋಡೆ ಮುಟ್ಟಿದರೂ ಈಜಿದ್ದೇ ಇಲ್ಲ ಎಂದು ಲೆಕ್ಕ. ಹಿಂದಿನ ಎರಡು ಸ್ಪರ್ಧೆಗಳಲ್ಲೂ ಕಪ್ಪೆಯೇ ಮೊದಲು ಗೋಡೆ ಮುಟ್ಟಿದಳು. ಎರಡರಲ್ಲೂ ಅದೇ ಒಬ್ಬ ತೀರ್ಪುಗಾರ್ತಿ ಕೈ ಎತ್ತಿದಳು. ತಂಡದ ಆಯ್ಕೆಗೆ ಇನ್ನು ಒಂದೇ ಸ್ಪರ್ಧೆ ಉಳಿದಿತ್ತು.

"ಮೇಲಿಂದ ನೋಡಿದ್ರೆ ಸರಿಯಾಗೇ ಇದೆಯಲ್ಲ" ಎಂದರು ಅವಳ ಕೋಚ್. ಅವರು ಎಲ್ಲವನ್ನೂ ಮೇಲಿಂದಲೇ ನೋಡುವವರು. ಕುತ್ತಿಗೆಯಲ್ಲಿ ಸೀಟಿ ನೇತುಹಾಕಿಕೊಂಡು, ಕುರ್ಚಿಯನ್ನು ನೆರಳು ಹೋದ ಕಡೆ ಎಳೆದುಕೊಳ್ಳುತ್ತ ದಿನ ಕಳೆಯುತ್ತಾರೆ. "ಮತ್ತೆ ಹೀಗಾದ್ರೆ ನನ್ನ ಕೈಲೇನಿಲ್ಲ. ಅವಳ ಜಾಗಕ್ಕೆ ಇನ್ನೊಬ್ಬಳನ್ನ ಹಾಕ್ತೀನಿ."

ಕಪ್ಪೆ ಮನೆಯಲ್ಲಿ ಮಂಚದ ಮೇಲೆ ಬೋರಲು ಮಲಗಿ, ಹಿಂದೆ ಕನ್ನಡಿ ಇಟ್ಟು ಒದ್ದು ನೋಡಿದಳು. ಮಂಚದ ಮೇಲೆ ಎರಡು ಪಾದಗಳೂ ತಕ್ಕಡಿಯ ಹಾಗೆ ಸಮವಾಗಿದ್ದವು.

"ಅಮ್ಮ, ನೀರಲ್ಲಿ ನನ್ನ ಕಾಲು ನನಗೇ ಕಾಣಲ್ಲ. ಕಾಣದೇ ಇರೋದನ್ನ ಹೇಗೆ ತಿದ್ದಿಕೊಳ್ಳಲಿ?"

ನನಗೆ ಮಾತ್ರ ತಿದ್ದುವುದಕ್ಕೇನಾದರೂ ಇದೆ ಎನ್ನಿಸಿರಲಿಲ್ಲ. ಆ ತೀರ್ಪುಗಾರ್ತಿಗೆ ಕಣ್ಣು ಸರಿ ಇಲ್ಲ, ಅಥವಾ ನಮ್ಮ ಹುಡುಗಿಯ ಮೇಲೆ ಕೆಟ್ಟ ಕಣ್ಣು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಪಾತ್ರೆ ತೊಳೆಯುವಾಗಲೆಲ್ಲ ಮನಸ್ಸಿನಲ್ಲೇ ಅವಳ ಮೇಲೆ ದೂರು ಕಟ್ಟುತ್ತಿದ್ದೆ, ಒಂದೊಂದು ಪದವನ್ನೂ ತೂಗಿ.

ಅಂಗಡಿಗೆ ನಾವು ಮೂವರು ಹೋದೆವು: ಭಾವ, ಕಪ್ಪೆ, ನಾನು. ಭಾವ ಒಳಗೆ ಕಾಲಿಡುತ್ತಲೇ "ಜೂಮ್ ಎಷ್ಟು?" ಎಂದರು. ಅಂಗಡಿಯವನು ಅದಕ್ಕೇ ಕಾಯುತ್ತಿದ್ದವನ ಹಾಗೆ ಗಾಜಿನ ಕಪಾಟಿನಿಂದ ಒಂದು ಮಿರಿಮಿರಿ ಕ್ಯಾಮೆರಾ ತೆಗೆದ. ಇಬ್ಬರೂ ಅದರ ಮೇಲೆ ಬಾಗಿ, ಹೆಣ್ಣು ನೋಡಲು ಬಂದ ಹಿರಿಯರ ಹಾಗೆ ಬಣ್ಣ, ಮೈಕಟ್ಟು, ಮನೆತನ ವಿಚಾರಿಸಿದರು. ನೀರಿನ ವಿಷಯ ಯಾರೂ ಎತ್ತಲಿಲ್ಲ.

ನಾನು ಪೆಟ್ಟಿಗೆ ಓದತೊಡಗಿದೆ. ಔಷಧಿ ಪೊಟ್ಟಣಗಳೊಳಗೆ ಮಡಚಿ ಇಡುವ ಚೀಟಿಗಳ ಕರಡು ತಿದ್ದುವುದು ನನ್ನ ಕೆಲಸ. ಯಾರೂ ಓದದ ಅಕ್ಷರಗಳನ್ನು ಪೂರ್ತಿ ಓದುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. 'ಊಟದ ಮೊದಲು' ಎಂಬಲ್ಲಿ 'ಊಟದ ನಂತರ' ಎಂದು ಬಿದ್ದುಬಿಟ್ಟರೆ ಏನು ಗತಿ ಎಂಬ ಯೋಚನೆಯಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ.

"ಭಾವ, ಇದರ ಮೇಲೆ ನೀರು ಸಿಡಿದ್ರೆ ಪರವಾಗಿಲ್ಲ ಅಂತ ಬರೆದಿದೆ. ಮುಳುಗಿಸಬಹುದು ಅಂತ ಬರೆದಿಲ್ಲ."

"ಎಲ್ಲಾ ಒಂದೇ ಅಮ್ಮ. ನೀರು ಅಂದ್ರೆ ನೀರು."

"ಮಳೇಲಿ ನೆಂದವನೂ ಬಾವಿಗೆ ಬಿದ್ದವನೂ ಒಂದೇನಾ?"

ಕಪ್ಪೆ ಕಿಸಕ್ಕೆಂದಳು. ಅಂಗಡಿಯವನು ಮಾತ್ರ ನಗಲಿಲ್ಲ. "ಮೇಡಂ, ಇದನ್ನ ತಗೊಂಡೋರು ಯಾರೂ ಇವತ್ತಿನವರೆಗೂ ದೂರು ಹೇಳಿಲ್ಲ."

"ಅವರಲ್ಲಿ ನೀರಿಗಿಳಿದವರು ಎಷ್ಟು ಜನ?"

ಅವನು ಕ್ಯಾಮೆರಾದ ಮೇಲಿಲ್ಲದ ಧೂಳು ಒರೆಸಿದ.

ಕೆಳಗಿನ ಸಾಲಿನಲ್ಲಿ, ಬ್ಯಾಟರಿ ಚಾರ್ಜರುಗಳ ಪಕ್ಕ, ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ ಒಂದು ಕ್ಯಾಮೆರಾ ಇತ್ತು. ಜೂಮ್ ಇಲ್ಲ. ಗಟ್ಟಿ ಪಾರದರ್ಶಕ ಕವಚ, ಅದರ ಬಾಗಿಲ ಸುತ್ತ ರಬ್ಬರಿನ ಉಂಗುರ, ಕೈಗೆ ಸಿಗುವಂಥ ಗುಂಡಿ. ನೀರೊಳಗೆ ಜೂಮ್ ಮಾಡಿ ದೂರದಿಂದ ಎಳೆದು ತೋರಿಸಿದ್ದೆಲ್ಲ ಮಬ್ಬು. ಹತ್ತಿರ ಹೋಗಿ ಅಗಲವಾಗಿ ಹಿಡಿಯಬೇಕು ಎಂದು ನಾನು ಓದಿಕೊಂಡಿದ್ದೆ. ಒದ್ದೆ ಬೆರಳಿಗೆ ಸ್ಪರ್ಶದ ಪರದೆ ಸ್ಪಂದಿಸುವುದಿಲ್ಲ, ಗುಂಡಿಯೇ ಬೇಕು ಎಂದೂ ಓದಿದ್ದೆ. ಪೆಟ್ಟಿಗೆಯ ಮೇಲೆ 'ಕವಚದೊಳಗೆ ಇದ್ದಾಗ ಮಾತ್ರ' ಎಂದು ಸ್ಪಷ್ಟವಾಗಿ ಬರೆದಿತ್ತು. 'ಮಾತ್ರ' ಎಂದು ಬರೆಯುವ ಧೈರ್ಯ ಇದ್ದವರನ್ನು ನಾನು ನಂಬುತ್ತೇನೆ.

"ಇದು ಆಟದ ಸಾಮಾನು" ಎಂದರು ಭಾವ.

"ಇದನ್ನೇ ಕೊಡಿ" ಎಂದೆ ಅಂಗಡಿಯವನಿಗೆ. ಬೆಲೆ ಹೇಳುವಾಗ ಅವನ ಮುಖ ಬಾಡಿತು, ಕೇಳಿ ನಮ್ಮದು ಅರಳಿತು.

ಮನೆಗೆ ಬಂದು ಖಾಲಿ ಕವಚದೊಳಗೆ ಟಿಶ್ಯೂ ಕಾಗದವನ್ನೂ ಒಂದು ಕಲ್ಲನ್ನೂ ಇಟ್ಟು, ಮುಚ್ಚಿ, ಬಕೆಟ್ಟಿನಲ್ಲಿ ಮುಳುಗಿಸಿಟ್ಟೆ. ಭಾವ ಬಚ್ಚಲಿನ ಬಾಗಿಲಲ್ಲಿ ನಿಂತು, "ಸ್ನಾನಕ್ಕೆ ಎಣ್ಣೆ ಹಚ್ಚಿದ್ದೀಯೋ, ಬರೀ ನೀರೋ?" ಎಂದು ವಿಚಾರಿಸಿದರು. ಸಂಜೆ ತೆಗೆದಾಗ ಕಾಗದ ಗರಿಗರಿಯಾಗಿತ್ತು. ಭಾವನಿಗೆ ಅದು ಕಾಣಲಿಲ್ಲ. ಕಾಣಬೇಕಾದ ಸಮಯಕ್ಕೆ ಸರಿಯಾಗಿ ಅವರ ಫೋನು ಬಡಿದುಕೊಳ್ಳುತ್ತದೆ.

ಆದರೆ ಕ್ಯಾಮೆರಾ ಹಿಡಿಯುವವರು ಯಾರು ಎಂಬ ಪ್ರಶ್ನೆಗೆ ನಾನು ಸೋತೆ.

"ಅಣ್ಣ ಇರುವಾಗ ನೀನ್ಯಾಕೆ?" ಎಂದ ನನ್ನ ಗಂಡ. ಮನೆಯಲ್ಲಿ ಶಾಂತಿ ಕಾಪಾಡುವ ಕೆಲಸ ಅವನದು. ಎಂದರೆ ಅಣ್ಣ ಹೇಳಿದ್ದಕ್ಕೆ ತಲೆಯಾಡಿಸಿ, ನಾನು ಹೇಳಿದ್ದಕ್ಕೂ ತಲೆಯಾಡಿಸಿ, ಕೊನೆಗೆ ಅಣ್ಣ ಹೇಳಿದಂತೆ ಮಾಡುವುದು. "ಅವನು ಅದರಲ್ಲೇ ಪಳಗಿದವನು. ನಿನಗೆ ನೀರು ಕಂಡ್ರೇ ಭಯ."

ಭಯ ನಿಜ. ಕ್ಯಾಮೆರಾವನ್ನು ಭಾವನ ಕೈಗೆ ಕೊಟ್ಟೆ.

ಬೇರೆ ಈಜುಗಾರರು ಇರುವಾಗ ಕೊಳದಲ್ಲಿ ಕ್ಯಾಮೆರಾ ಕೂಡದು. ಹಾಗಾಗಿ ಬಾಗಿಲು ತೆರೆಯುವ ಮೊದಲು ಸ್ವಲ್ಪ ಹೊತ್ತು ನಮಗೆ ಬಿಟ್ಟುಕೊಡುವಂತೆ ಕೊಳದ ಮ್ಯಾನೇಜರನ್ನು ಕಾಡಿ ಬೇಡಿದ್ದೆ. ಭಾವ ಪ್ಯಾಂಟು ಮಡಚಿ, ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ತೋಳನ್ನು ನೀರಿಗೆ ಇಳಿಬಿಟ್ಟರು. ನನ್ನನ್ನು ದೂರದ ಬೆಂಚಿಗೆ ಅಟ್ಟಿದರು. ನನ್ನ ನೆರಳು ಬೀಳುತ್ತಿತ್ತಂತೆ.

"ನನ್ನ ಕಡೆಗೇ ಬಾ ಕಪ್ಪೆ. ಹಾಂ. ತಲೆ ಎತ್ತಿದಾಗ ಸ್ವಲ್ಪ ಈ ಕಡೆ ನೋಡು."

"ದೊಡ್ಡಪ್ಪ, ತಲೆ ಎತ್ತಿದಾಗ ನಾನು ಉಸಿರು ತಗೋಬೇಕು."

"ತಗೋ, ಬೇಡ ಅಂದ್ನಾ? ನಗ್ತಾ ತಗೋ."

ಅವಳು ಹೋದಳು, ಬಂದಳು, ಮತ್ತೆ ಹೋದಳು. ಭಾವನ ತೋಳು ಅಂಗಿಯ ಸಮೇತ ಒದ್ದೆಯಾಯಿತು, ಮೂಗು ಕೆಂಪಾಯಿತು. ಇಷ್ಟು ಶ್ರದ್ಧೆ ಅವರಲ್ಲಿ ನಾನು ಕಂಡಿರಲಿಲ್ಲ. ಒಂದು ಗಳಿಗೆ ನನಗೆ ನನ್ನ ನಾಲಿಗೆಯ ಮೇಲೆಯೇ ಬೇಸರವಾಯಿತು. ಆಮೇಲೆ ಅವರು ಕ್ಯಾಮೆರಾ ಜೇಬಿಗಿಳಿಸಿ, "ಈಗ ಹಸಿಹಸಿ ತೋರಿಸಲ್ಲ. ಕೂಡಿಸಿ, ಕತ್ತರಿಸಿ ಕೊಡ್ತೀನಿ. ನಾಳೆ ಎಲ್ಲರೂ ಸ್ಟುಡಿಯೋಗೆ ಬನ್ನಿ" ಎಂದು ಹೊರಟರು. ಹಸಿಯಾಗಿಯೇ ಕೊಡಿ ಎಂದು ಕೇಳಿದೆ. ಹಸಿ ಕೊಟ್ಟು ಅಭ್ಯಾಸವಿಲ್ಲ ಎಂದರು.

ಮರುದಿನ ಸ್ಟುಡಿಯೋದಲ್ಲಿ ನನ್ನ ಓರಗಿತ್ತಿ ಕುರ್ಚಿ ಹಾಕಿಸಿ, ಪಕ್ಕದ ಟೈಲರನ್ನೂ ಅವನ ಹೆಂಡತಿಯನ್ನೂ ಕರೆದು ಕೂರಿಸಿದ್ದಳು. ದೀಪ ಆರಿತು. ವಾದ್ಯಗಳು ಮೊಳಗಿದವು. ನೀಲಿ ತೆರೆಯ ಮೇಲೆ ಬಂಗಾರದ ಅಕ್ಷರಗಳಲ್ಲಿ 'ನೀರಿನ ರಾಣಿ' ಎಂದು ಬಂತು. ಅಕ್ಷರ ಒಡೆದು ಗುಳ್ಳೆಗಳಾದವು, ಗುಳ್ಳೆಗಳ ನಡುವಿಂದ ಕಪ್ಪೆಯ ಮುಖ ನಿಧಾನವಾಗಿ, ಬಹಳ ನಿಧಾನವಾಗಿ ಮೇಲೆದ್ದಿತು. ರೆಪ್ಪೆಯಿಂದ ಒಂದು ಹನಿ ಜಾರಿತು. ಅದೇ ಹನಿ ಇನ್ನೊಂದು ಬದಿಯಿಂದ ಮತ್ತೆ ಜಾರಿತು. ಕೈಗಳು ಚಾಚಿದವು, ಬೆರಳುಗಳು ತೋರಿದವು, ಬೆಳಕಿನ ಬಲೆ ಅವಳ ಬೆನ್ನ ಮೇಲೆ ಆಡಿತು. ಸುಳ್ಳೇಕೆ ಹೇಳಲಿ, ಮುದ್ದಾಗಿ ಕಾಣುತ್ತಿದ್ದಳು. ಟೈಲರನ ಹೆಂಡತಿ ಕಣ್ಣೊರೆಸಿಕೊಂಡಳು. ದೃಶ್ಯ ಸೊಂಟದ ತನಕ ಬಂದು, ಅಲ್ಲಿಂದ ಮರ್ಯಾದೆಯಾಗಿ ಮುಖಕ್ಕೆ ಹಿಂದಿರುಗುತ್ತಿತ್ತು.

ದೀಪ ಹತ್ತಿತು.

"ದೊಡ್ಡಪ್ಪ, ಕಾಲು?" ಎಂದಳು ಕಪ್ಪೆ.

"ಯಾವ ಕಾಲು?"

"ನನ್ನ ಕಾಲು. ಅದಕ್ಕೇ ಅಲ್ವಾ ತೆಗೆದಿದ್ದು."

ಭಾವ ಅವಳನ್ನು ಕನಿಕರದಿಂದ ನೋಡಿದರು. "ಪುಟ್ಟಾ, ಇಷ್ಟು ವರ್ಷದಿಂದ ಮದುವೆ ತೆಗೀತಿದ್ದೀನಿ. ಚೌಕಟ್ಟಲ್ಲಿ ಕಾಲು ಬಂತು ಅಂದ್ರೆ ಕೈ ತಪ್ಪಿತು ಅಂತ ಅರ್ಥ. ಅಲ್ಲಲ್ಲಿ ಬಿದ್ದಿತ್ತು. ಎಲ್ಲಾ ಕತ್ತರಿಸಿ ಹಾಕಿದೆ."

"ಕತ್ತರಿಸಿದ್ದು ಎಲ್ಲಿದೆ ಭಾವ?" ಎಂದೆ.

"ಅಳಿಸಿಬಿಟ್ಟೆ. ಆ ಮೆಮೊರಿ ಕಾರ್ಡು ಇವತ್ತಿನ ಮದುವೆಗೆ ಬೇಕಾಗಿತ್ತು."

ಟೈಲರ್ ಎದ್ದು, ತನಗೊಂದು ಅಂಗಿಯ ಕೆಲಸ ಬಾಕಿ ಇದೆ ಎಂದ. ನನ್ನ ಗಂಡ ತಲೆಯಾಡಿಸಲು ಹೋಗಿ, ಯಾರಿಗೆ ಎಂದು ತಿಳಿಯದೆ ಅರ್ಧಕ್ಕೇ ನಿಲ್ಲಿಸಿದ. ಕಪ್ಪೆ ಅಳಲಿಲ್ಲ. ತನ್ನ ಚಪ್ಪಲಿಯನ್ನೇ ನೋಡುತ್ತ ಕೂತಿದ್ದಳು, ಅಲ್ಲಿಯಾದರೂ ಕಾಲು ಕಾಣುತ್ತದಲ್ಲ ಎಂಬಂತೆ. ನಾನು ಮೇಜಿನ ಮೇಲಿಂದ ಕ್ಯಾಮೆರಾ ಎತ್ತಿಕೊಂಡು ಚೀಲಕ್ಕೆ ಹಾಕಿದೆ.

"ಅಯ್ಯೋ, ಚೆನ್ನಾಗಿ ಬಂದಿದೆಯಲ್ಲೇ" ಎಂದಳು ಓರಗಿತ್ತಿ.

"ಚೆನ್ನಾಗಿದೆ ಅಕ್ಕ. ಇವಳ ಮದುವೆ ಗೊತ್ತಾದರೆ ತೋರಿಸೋಣ."

ಸ್ಪರ್ಧೆಯ ಹಿಂದಿನ ದಿನಕ್ಕೆ ಮ್ಯಾನೇಜರ್ ಮತ್ತೊಮ್ಮೆ ಒಪ್ಪಿದ. ಎಷ್ಟು ಗೋಗರೆದೆ ಎಂದು ಬರೆಯಲು ನನಗೆ ನಾಚಿಕೆ. ಭಾವ ಕರೆಯದೆಯೇ ಬಂದಿದ್ದರು. ನಾನು ಹಳೆಯ ಚೂಡಿದಾರಿನಲ್ಲಿ, ಏಣಿಯ ಕಂಬಿ ಹಿಡಿದು, ಆಳವಿಲ್ಲದ ಬದಿಯಲ್ಲಿ ಇಳಿದೆ. ನೀರು ಎದೆಗೆ ಬಂತು. ಕಾಲ ಕೆಳಗಿನ ಹಂಚು ಜಾರುತ್ತಿತ್ತು. ಮುಳುಗಿದರೆ ಯಾರು ಮೊದಲು ಹಾರುತ್ತಾರೆ ಎಂದು ಅಂಚಿನತ್ತ ನೋಡಿದೆ. ಗಂಡ ಟವೆಲ್ ಹಿಡಿದು ನಿಂತಿದ್ದ. ಭಾವ ಬೆಳಕು ಅಳೆಯುತ್ತಿದ್ದರು.

"ಬೆಳಕಿಗೆ ಎದುರಾಗಿ ನಿಂತಿದ್ದೀಯಮ್ಮ. ಮುಖ ಕಪ್ಪಾಗಿ ಬರುತ್ತೆ."

"ಬರಲಿ ಭಾವ. ಮುಖ ಮೊನ್ನೇನೇ ಬಂದಿದೆ."

ಕಪ್ಪೆ ನನ್ನ ಪಕ್ಕದಿಂದಲೇ ಗೋಡೆ ಒದ್ದು ಹೊರಟಳು. ಕ್ಯಾಮೆರಾವನ್ನು ಅವಳ ಹಿಂದೆ ಚಾಚಿದೆ. ನೀರು ನನ್ನ ಮುಖಕ್ಕೆ ಅಪ್ಪಳಿಸಿತು. ಕಣ್ಣು ಮುಚ್ಚಿಕೊಂಡೆ, ಕೈ ಮಾತ್ರ ಚಾಚಿಕೊಂಡೇ ಇದ್ದೆ. ಹಾಗೆ ಮತ್ತೆ ಮತ್ತೆ, ಅವಳು ಸಾಕು ಎನ್ನುವವರೆಗೆ.

ಮೆಟ್ಟಿಲ ಮೇಲೆ ಕೂತು, ಕ್ಯಾಮೆರಾದ ಪುಟ್ಟ ಪರದೆಗೆ ಇಬ್ಬರೂ ಮುಖ ತಗುಲಿಸಿ ನೋಡಿದೆವು. ಮೊದಲು ಬರೀ ನನ್ನ ಹೆಬ್ಬೆರಳು. ಆಮೇಲೆ ಓರೆಯಾಗಿ ಕೊಳದ ತಳ. ಆಮೇಲೆ ಎರಡು ಪಾದಗಳು. ಬಲಗಾಲು ಹೊರಕ್ಕೆ ತಿರುಗಿ, ನೀರನ್ನು ಅಗಲವಾಗಿ ತಳ್ಳುತ್ತಿತ್ತು. ಎಡಗಾಲು ಬೆರಳು ಚೂಪು ಮಾಡಿಕೊಂಡು, ಕೆಲಸವೆಲ್ಲ ಪಕ್ಕದವನಿಗೆ ಬಿಟ್ಟು ಹಾಯಾಗಿ ಹಿಂದೆ ಬರುತ್ತಿತ್ತು. ಒಂದು ಸಲವಲ್ಲ. ಪ್ರತಿ ಸಲವೂ.

ನನ್ನ ದೂರಿನ ವಾಕ್ಯಗಳೆಲ್ಲ ಒಂದೊಂದಾಗಿ ನೆನಪಾದವು. ತುಂಬ ಚೆನ್ನಾಗಿ ತೂಗಿದ ವಾಕ್ಯಗಳು.

"ಅವರು ಸರಿಯಾಗೇ ಕೈ ಎತ್ತಿದ್ದು" ಎಂದಳು ಕಪ್ಪೆ. ದನಿಯಲ್ಲಿ ದುಃಖವಿರಲಿಲ್ಲ, ಕಳೆದುಹೋದ ಬೀಗದಕೈ ಸಿಕ್ಕವರ ಹಾಗಿತ್ತು. "ಇನ್ನೊಂದ್ಸಲ ತೋರಿಸು." ಅದನ್ನೇ ನೋಡುತ್ತ ನೋಡುತ್ತ, ಮೆಟ್ಟಿಲ ಮೇಲೆ ಕೂತಲ್ಲೇ ಎಡಪಾದವನ್ನು ಹೊರಕ್ಕೆ ತಿರುಗಿಸಿದಳು, ಕೈಯಿಂದ ಹಿಡಿದು ನಿಲ್ಲಿಸಿದಳು, ಬಿಟ್ಟಳು, ಮತ್ತೆ ತಿರುಗಿಸಿದಳು. "ಅಮ್ಮ, ಇಳಿ."

"ಮತ್ತೆಯಾ?"

"ತಿರುಗಿತೋ ಇಲ್ವೋ ಹೇಗೆ ಗೊತ್ತಾಗುತ್ತೆ ಮತ್ತೆ?"

ಇಳಿದೆ. ಹೊರಗೆ ಬಾಗಿಲು ಬಡಿಯುವವರೆಗೆ ಅವಳು ಈಜಿದಳು, ನಾನು ಹಿಡಿದೆ, ಇಬ್ಬರೂ ನೋಡಿದೆವು. ನಡುನಡುವೆ ಆ ಕಾಲು ಮಾತು ಕೇಳಿತು. ನಡುನಡುವೆ ಮರೆಯಿತು.

ಸ್ಪರ್ಧೆಯ ದಿನ ಮೆಟ್ಟಿಲುಗಳ ಮೇಲೆ ನಮ್ಮವರೆಲ್ಲ ಕಪ್ಪೆಯನ್ನು ನೋಡುತ್ತಿದ್ದರು. ನಾನು ಅವಳನ್ನು ನೋಡಲಿಲ್ಲ. ಅದೇ ತೀರ್ಪುಗಾರ್ತಿ ಅಂಚಿನಲ್ಲಿ ಈಜುಗಾರರ ಜೊತೆಜೊತೆಗೇ ನಡೆಯುತ್ತಿದ್ದಳು, ನಾನು ಅವಳ ಬಲಗೈಯನ್ನೇ ನೋಡುತ್ತಿದ್ದೆ. ಸಾಧಾರಣ ಕೈ, ಮೊಣಕೈಯ ಹತ್ತಿರ ಒಂದು ಬ್ಯಾಂಡೇಜು. ಅರ್ಧ ದಾರಿಯಲ್ಲಿ ಆ ಕೈ ಮೇಲೆ ಹೋಯಿತು. ಕೈ ಹಣೆಯ ಮೇಲೆ ನಿಂತು ಬಿಸಿಲಿಗೆ ಅಡ್ಡವಾಯಿತು. ಅವಳು ಬಾಗಿ, ಕಪ್ಪೆಯ ಸಾಲನ್ನೇ ದಿಟ್ಟಿಸಿದಳು, ನೋಡಿದಳು, ನೋಡುತ್ತಲೇ ನಡೆದಳು. ಆಮೇಲೆ ಕೈಯನ್ನು ಇಳಿಸಿದಳು.

ಕಪ್ಪೆ ಎರಡನೆಯವಳಾಗಿ ಗೋಡೆ ಮುಟ್ಟಿದಳು. ಕಾಲಿನ ಮೇಲೆ ಗಮನವಿಟ್ಟವಳಿಗೆ ಮೊದಲಿನ ವೇಗ ಬರಲಿಲ್ಲ. ತಂಡಕ್ಕೆ ಆಯ್ಕೆಯಾಗಲು ಎರಡನೆಯ ಸ್ಥಾನ ಸಾಕಾಗಿತ್ತು.

"ಮೇಲಿಂದ ನೋಡಿದಾಗಲೇ ಹೇಳಿರಲಿಲ್ವಾ ನಾನು?" ಎಂದರು ಕೋಚ್, ಕುರ್ಚಿಯನ್ನು ನೆರಳಿಗೆ ಎಳೆಯುತ್ತ. ನಾನು ಆ ತೀರ್ಪುಗಾರ್ತಿ ಕೂತಿದ್ದ ಮೇಜಿನ ಕಡೆ ನಡೆದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಪದ ಹುಡುಕಿದೆ, ಸಿಗಲಿಲ್ಲ. ಅವಳು ತಲೆಯೆತ್ತಿ, "ಏನು ಬೇಕಿತ್ತು?" ಎಂದಳು.

"ಏನಿಲ್ಲ" ಎಂದೆ. "ನಿಮ್ಮ ಕಣ್ಣು ಚುರುಕಾಗಿದೆ."

ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಇವಳು ಕುಹಕವಾಡುತ್ತಿದ್ದಾಳೆ ಎಂದುಕೊಂಡಿರಬೇಕು.