ಅತಿಥಿಗೆ ಒಂದೇ

…ಮತ್ತೆ ಅದೇ ಟಪ್, ಕೆಳಗೆ ಅಡುಗೆಮನೆಯಲ್ಲಿ, ಬಿಸ್ಕತ್ತು ಡಬ್ಬಿಯ ಮುಚ್ಚಳ, ನಿದ್ದೆಯಲ್ಲೂ ಗುರುತು ಹಿಡಿಯುವ ಸದ್ದು, ಅಮ್ಮನ ಡಬ್ಬಿ, ಮುಚ್ಚಳದ ಮೇಲೆ ನೀಲಿ ಹಡಗು, ಯಾರೋ ಅತಿಥಿಗೆ ಕಾಫಿ ಕೊಟ್ಟಿರಬೇಕು ಫೆಮ್ಕೆ, ಕೊಡಲಿ, ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದಂಡೆಯ ಮುನ್ನೂರು ವರ್ಷದ ಮನೆ ಎಂದು ಜಂಬ ಕೊಚ್ಚಿಕೊಂಡು ಕೋಣೆ ಕೋಣೆಯನ್ನೂ ಬಾಡಿಗೆಗೆ ಬಿಟ್ಟಿದ್ದಾಳಲ್ಲ ನನ್ನ ತಂಗಿ, ನಾನು ಹುಟ್ಟಿದ ಕೋಣೆಗೆ ಟ್ಯೂಲಿಪ್ ಎಂದು ಹೆಸರು, ಥೂ, ಅಮ್ಮನಿಗೆ ಆ ಹೂ ಕಂಡರೆ ಆಗುತ್ತಿರಲಿಲ್ಲ — ಮೆಟ್ಟಿಲು ಮಾತ್ರ ಹಾಗೇ ಇದೆ, ಏಣಿಯ ಹಾಗೆ ಕಡಿದು, ಹಿಡಿಯಲು ಹಗ್ಗ, ನಿನ್ನೆ ಹತ್ತುವಾಗ ಹಿಂದಿನಿಂದ, ನಿಧಾನ ಮೇಡಂ, ಬಗ್ಗಿ, ತೊಲೆ ತಲೆಗೆ ಬಡಿಯತ್ತೆ — ನನಗೆ ಹೇಳಿಕೊಡುತ್ತಾಳೆ! ಆ ತೊಲೆಗೆ ಬಡಿದುಕೊಂಡ ಗಾಯ ಇನ್ನೂ ನನ್ನ ಹುಬ್ಬಿನ ಮೇಲಿದೆ, ಅವತ್ತು ರಕ್ತ ನೋಡಿ ನನಗಿಂತ ಜೋರಾಗಿ ಅತ್ತವಳು ಇವಳೇ. ಗಂಡನ ಹೆಸರಲ್ಲಿ ಕೋಣೆ ಹಿಡಿದಿದ್ದೆ, ಬಾಗಿಲು ತೆಗೆದವಳ ಮುಖ ಬಿಳಿಚಿತು, ಗುರುತು ಹತ್ತಿತು, ಹತ್ತದೆ ಏನು, ಇಬ್ಬರದೂ ಒಂದೇ ಮೂಗು, ಆದರೆ ಬಾಯಿಂದ ಬಂದದ್ದೇನು, ಬನ್ನಿ ಮೇಡಂ, ದಾರಿ ಸುಲಭವಾಗಿ ಸಿಕ್ತಾ ನಿಮಗೆ, ಅಂತೆ! ಅಮ್ಮ ಮಣ್ಣಾದ ಮೇಲೆ ಪಕ್ಕದ ಮನೆಯವರಿಂದ ಸುದ್ದಿ ತಿಳಿದವಳು ನಾನು, ಯಾಕೆ ಹೇಳಲಿಲ್ಲ ಎಂದು ಕೇಳಲು ಬಂದೆ, ಅಲ್ಲ, ಜಗಳಕ್ಕೇ ಬಂದೆ, ಅದೂ ಅಲ್ಲ, ಒಂದು ಸಲ ನನ್ನನ್ನು ನೀನು ಎಂದು ಕರೆದರೆ ಸಾಕು, ಹಾಳಾಗಿ ಹೋಗೇ ನೆಲ್ ಎಂದು ನನ್ನ ಹೆಸರು ಹಿಡಿದು ಬೈದರೂ ಸಾಕು.

ಇಳಿದು ಬಂದೆ, ತಿಂಡಿಯ ಮೇಜು, ಬ್ರೆಡ್ಡು, ಬೆಣ್ಣೆ, ಮೇಲೆ ಉದುರಿಸಲು ಚಾಕಲೇಟಿನ ಚೂರು, ಕಿಟಕಿಗೆ ಪರದೆಯಿಲ್ಲ, ದೋಣಿಯಲ್ಲಿ ಹೋಗುವವರೆಲ್ಲ ನೋಡಲಿ, ಮುಚ್ಚಿಡೋಕೆ ನಮ್ಮಲ್ಲೇನಿದೆ ಅನ್ನುತ್ತಿದ್ದಳು ಅಮ್ಮ, ಅವಳು ಮುಚ್ಚುತ್ತಿದ್ದುದು ಡಬ್ಬಿ ಒಂದನ್ನೇ — ಹೊರಗಿನವರಿಗೆ ಕಾಫಿಯ ಜೊತೆ ಒಂದು ಬಿಸ್ಕತ್ತು, ಟಪ್, ಅವರು ಅತ್ತ ಹೋದರೆ ಇತ್ತ ಮುಚ್ಚಳ ತೆಗೆದು, ಈಗ ತಿನ್ರೇ ನನ್ನ ಇಲಿಮರಿಗಳಾ, ಮನೆಯವರಿಗೆ ಡಬ್ಬಿ ತೆರೆದೇ ಇರುತ್ತಿತ್ತು. ಫೆಮ್ಕೆ ಕಾಫಿ ಇಟ್ಟಳು, ಡಬ್ಬಿ ಚಾಚಿದಳು, ಒಂದು ತೆಗೆದುಕೊಂಡೆ, ಅವಳ ಕೈ ಮುಚ್ಚಳದ ಮೇಲೆ, ಯಾಕೋ ತಡೆದು ನಿಂತಿದೆ, ಅಂದೇಬಿಟ್ಟೆ, ಇನ್ನೊಂದು ಕೊಡೇ ಫೆಮ್ಕೆ. ಪಕ್ಕದ ಮೇಜಿನ ಜರ್ಮನ್ ಗಂಡಹೆಂಡತಿ ಮೊಟ್ಟೆ ಒಡೆಯುವುದನ್ನು ನಿಲ್ಲಿಸಿದರು, ಕಾಲುವೆಯ ಬೆಳಕು ಚಾವಣಿಯ ಮೇಲೆ ಅಲುಗುತ್ತಿದೆ, ಅವಳು ನನ್ನ ಹುಬ್ಬನ್ನೇ ನೋಡುತ್ತಿದ್ದಾಳೆ, ಗಾಯವನ್ನು, ಹೇಳೇ, ಹೇಳೇ ಪಾಪಿ — ಕ್ಷಮಿಸಿ ಮೇಡಂ, ಅತಿಥಿಗಳಿಗೆ ಒಂದೇ — ಅವಳ ಹೆಬ್ಬೆರಳು, ನೀಲಿ ಹಡಗು, ಟಪ್, ನೀಲಿ ಹಡಗು, ಮುಚ್ಚಳ, ಮುಚ್ಚಳ