ಓದದೆ ಬಿಟ್ಟ ಎರಡನೇ ಹಾಳೆ

ಹಿಂದೂಪುರದ ಒಂದು ಖಾಸಗಿ ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಿದ್ದ ಆದಿನಾರಾಯಣ, ೧೯೬೩ರಲ್ಲಿ ಇಂಗ್ಲೆಂಡಿನಲ್ಲಿ ಅಧ್ಯಾಪಕರ ಒಂದು ವರ್ಷದ ತರಬೇತಿ ಮುಗಿಸಿ ಮರಳಿದ. ಅಲ್ಲಿ ಒಬ್ಬರ ಪಾಠಕ್ಕೆ ಇನ್ನೊಬ್ಬ ಅಧ್ಯಾಪಕರು ಹೋಗಿ ಕೂರುತ್ತಿದ್ದರು. ಆಮೇಲೆ ಟೀ ಕುಡಿಯುತ್ತ ತಪ್ಪು ಒಪ್ಪು ಮಾತಾಡುತ್ತಿದ್ದರು. ಜೊತೆಗಿದ್ದ ಜಪಾನಿನವನೂ ಘಾನಾದವನೂ ತಮ್ಮ ಕಡೆಯ ಪದ್ಧತಿ ಹೇಳಿದ್ದರು. ಎಲ್ಲವನ್ನೂ ಹೋಲಿಸಿ ಅವನು ನಲವತ್ತು ಪುಟದ ವರದಿ ಬರೆದಿದ್ದ. ಇಲ್ಲಿ ಅಂಥ ಪದ್ಧತಿಯೇ ಇಲ್ಲದ್ದರಿಂದ ಅದರಲ್ಲಿ ನಮ್ಮ ದೇಶದ ಭಾಗ ಅರ್ಧ ಪುಟವೂ ತುಂಬಿರಲಿಲ್ಲ.

ಪ್ರಿನ್ಸಿಪಾಲರು ವರದಿಯನ್ನು ಬೀರುವಿನಲ್ಲಿಟ್ಟರು. ನಿಮ್ಮ ಪಾಠ ನೋಡಲು ನನ್ನನ್ನು ಕೂರಿಸಿಕೊಳ್ಳಿ ಎಂದು ಆದಿನಾರಾಯಣ ಕೇಳಿದಾಗ ಸಹೋದ್ಯೋಗಿಗಳು ನಕ್ಕರು. ಒಪ್ಪಿದವರು ಕಲ್ಯಾಣದುರ್ಗದ ಮಲ್ಲಿಕಾರ್ಜುನಪ್ಪ ಒಬ್ಬರೇ.

"ಬಾರಪ್ಪ. ಇಪ್ಪತ್ತೆರಡು ವರ್ಷದಾಗೆ ನನ್ನ ಪಾಠ ಹೆಂಗೈತೆ ಅಂತ ಯಾರೂ ಹೇಳಿಲ್ಲ ಕಣಪ್ಪ" ಎಂದರು.

ಮೂರು ದಿನ ಕೂತು ಆದಿನಾರಾಯಣ ಒಂದು ಹಾಳೆಯಲ್ಲಿ ಬರೆದುಕೊಂಡ: ಹಳೆಯ ನೋಟ್‌ಬುಕ್ ನೋಡಿ ಓದುತ್ತಾರೆ, ದನಿ ಹಿಂದಕ್ಕೆ ಕೇಳುವುದಿಲ್ಲ, ಹುಡುಗರು ತೂಕಡಿಸುತ್ತಾರೆ. ಎರಡನೇ ಹಾಳೆಯಲ್ಲಿ ತಿದ್ದಿಕೊಳ್ಳುವ ದಾರಿಗಳಿದ್ದವು. ಎರಡನ್ನೂ ಅವರಿಗೆ ಓದಿ ಹೇಳಿದ. ಮರುವಾರ ಮಲ್ಲಿಕಾರ್ಜುನಪ್ಪ ನೋಟ್‌ಬುಕ್ ಇಲ್ಲದೆ ಪಾಠ ಮಾಡಿದರು. ಎರಡು ಕಡೆ ತಡವರಿಸಿದರು. ಆದರೆ ಅವತ್ತು ಹುಡುಗರು ಪ್ರಶ್ನೆ ಕೇಳಿದರು.

ಇದು ತಿಳಿದ ಪ್ರಿನ್ಸಿಪಾಲರು, ಯೂನಿವರ್ಸಿಟಿಗೆ ಕಳಿಸುತ್ತೇನೆಂದು ಆ ಹಾಳೆಗಳನ್ನು ಕೇಳಿದರು. ಆದಿನಾರಾಯಣ ಸಂತೋಷದಿಂದಲೇ ಕೊಟ್ಟ. ತಿಂಗಳಾದ ಮೇಲೆ ಆಡಳಿತ ಮಂಡಳಿಯ ಸಭೆಯಲ್ಲಿ ಪ್ರಿನ್ಸಿಪಾಲರು ಮೊದಲ ಹಾಳೆಯನ್ನಷ್ಟೇ ಓದಿದರು; ಮಂಡಳಿ ಮಲ್ಲಿಕಾರ್ಜುನಪ್ಪನವರನ್ನು ಪಾಠ ಮಾಡಲು ಅಯೋಗ್ಯರೆಂದು ತೆಗೆದುಹಾಕಿತು. ಅವರ ಜಾಗಕ್ಕೆ ಮಂಡಳಿಯ ಅಧ್ಯಕ್ಷರ ಅಳಿಯ ಬಂದ.

ಎರಡನೇ ಹಾಳೆಯನ್ನೂ ಓದಿ ಎಂದು ಆದಿನಾರಾಯಣ ಮಂಡಳಿಗೆ ಎರಡು ಪತ್ರ ಬರೆದ. ಮೂರನೆಯದು ಬರೆದರೆ ನಿನ್ನ ಕೆಲಸವೂ ಉಳಿಯದು ಎಂದು ಪ್ರಿನ್ಸಿಪಾಲರು ತಿಳಿಸಿದರು. ಅವನು ಬರೆಯಲಿಲ್ಲ.

ಭಾನುವಾರ ಅವರ ಊರು ಕಲ್ಯಾಣದುರ್ಗಕ್ಕೆ ಹೋದ. ಮಲ್ಲಿಕಾರ್ಜುನಪ್ಪನವರ ಹೆಂಡತಿ ಪದ್ಮಾವತಮ್ಮ ನೀರು ಕೊಟ್ಟು ಒಳಕ್ಕೆ ಹೋದರು. ಅವನು ನಡೆದದ್ದೆಲ್ಲ ಹೇಳಿದ; ಪತ್ರ ಬರೆಯುವುದನ್ನು ನಿಲ್ಲಿಸಿದ್ದನ್ನೂ ಮುಚ್ಚಿಡಲಿಲ್ಲ.

"ನೀನು ಬರ್ದಿದ್ದು ಸುಳ್ಳಲ್ಲ ಕಣಪ್ಪ. ಅದಕ್ಕೇ ಮಂಡಳಿಯವರ ಮುಂದೆ ನಂಗೆ ಬಾಯಿ ಬರ್ಲಿಲ್ಲ" ಎಂದರು ಮಲ್ಲಿಕಾರ್ಜುನಪ್ಪ. ಇನ್ನು ಇಲ್ಲಿಗೆ ಬರಬೇಡ ಎಂದೂ ಹೇಳಿದರು.

ಮುಂದೆ ಅವರನ್ನು ಯಾವ ಕಾಲೇಜೂ ತೆಗೆದುಕೊಳ್ಳಲಿಲ್ಲ. ಸೆಟ್ಟೂರಿನ ಶಾಲೆಯಲ್ಲಿ ಕೇಳಿದಾಗ, ಮೇಷ್ಟ್ರ ತರಬೇತಿಯ ಸರ್ಟಿಫಿಕೇಟು ತೋರಿಸಿ ಎಂದರು. ಕಾಲೇಜು ಮೇಷ್ಟ್ರಿಗೆ ಅಂಥ ತರಬೇತಿಯನ್ನು ಯಾರು ಕೊಟ್ಟಿದ್ದರು? ಅವರು ಮನೆಗೆ ಮರಳಿ, ಮರುದಿನದಿಂದ ತಮ್ಮನ ಜೊತೆ ಹೊಲಕ್ಕೆ ಹೋಗತೊಡಗಿದರು.